ಅಡಿಪಾಯವಿಲ್ಲದ ಮನೆಯಲ್ಲಿ ಮೂರು ತಿಂಗಳು

ಮಗ ಅಮೆರಿಕದಲ್ಲಿದ್ದಾನೆ ಎಂದರೆ ನಮ್ಮ ಕಡೆ ಜನ ಕೇಳುವ ಎರಡನೆಯ ಪ್ರಶ್ನೆ, "ಸ್ವಂತ ಮನೆಯಾ?" ಹನ್ನೊಂದು ವರ್ಷಗಳ ಕಾಲ ನಾನು ಈ ಪ್ರಶ್ನೆಗೆ ತಲೆ ಎತ್ತಿಯೇ ಉತ್ತರ ಕೊಟ್ಟವಳು. ನೀಲಿ ಬಾಗಿಲಿನ ಆ ಮನೆಯ ಫೋಟೊ ನನ್ನ ಮೊಬೈಲಿನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ತೋರಿಸಿದ್ದೇನೆ.

2023ರ ಮಧ್ಯದಲ್ಲಿ ಮಗ ಫೋನಿನಲ್ಲಿ, "ಉಮ್ಮ, ಮನೆಯನ್ನು ಬಾಡಿಗೆಗೆ ಕೊಟ್ಟು ಒಂದೆರಡು ವರ್ಷ ಗಾಡಿಮನೆಯಲ್ಲಿ ದೇಶ ಸುತ್ತುತ್ತೇವೆ. ಮಕ್ಕಳಿಗೂ ಅನುಭವವಾಗುತ್ತದೆ" ಎಂದ. ನನಗೆ ಸಿಟ್ಟು ಬಂತು. ಬಿಡಾರ ಹೂಡಿಕೊಂಡು ತಿರುಗುವವರನ್ನು ನಾವು ಚಿಕ್ಕಂದಿನಲ್ಲಿ ಯಾವ ಕಣ್ಣಿನಿಂದ ನೋಡುತ್ತಿದ್ದೆವೋ ಅದೇ ನೆನಪಾಯಿತು. ಹಿಂದಿನ ವರ್ಷವಷ್ಟೇ ನನ್ನ ಯಜಮಾನರು ತೀರಿಕೊಂಡಿದ್ದರು. ಅವರಿದ್ದಿದ್ದರೆ ಇದಕ್ಕೆ ಒಪ್ಪುತ್ತಿರಲಿಲ್ಲ ಎಂದುಕೊಂಡೆ. ಡಿಸೆಂಬರ್‌ನಲ್ಲಿ ವಿಮಾನ ಹತ್ತಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಇವರನ್ನು ಹೇಗಾದರೂ ಒಪ್ಪಿಸಿ ಮತ್ತೆ ಗೋಡೆಗಳ ನಡುವೆ ಕೂರಿಸಬೇಕು.

ಮಗ ಫೀನಿಕ್ಸ್ ವಿಮಾನ ನಿಲ್ದಾಣಕ್ಕೆ ಪಿಕಪ್ ಟ್ರಕ್ ತಂದಿದ್ದ. ಅಲ್ಲಿಂದ ಮೂರು ಗಂಟೆ ಮರುಭೂಮಿಯಲ್ಲಿ ಪ್ರಯಾಣ ಮಾಡಿ ಯೂಮಾ ಎಂಬ ಪಟ್ಟಣ ತಲುಪಿದೆವು. ಅರಿಜೋನಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಕೊಲೊರಾಡೊ ನದಿಯ ದಡದಲ್ಲಿ, ಮೆಕ್ಸಿಕೊ ಗಡಿಗೆ ತಾಗಿಕೊಂಡಂತೆ ಇರುವ ಊರು ಅದು. ಉತ್ತರದ ರಾಜ್ಯಗಳಲ್ಲೂ ಕೆನಡಾದಲ್ಲೂ ಹಿಮ ಬೀಳುವ ತಿಂಗಳುಗಳಲ್ಲಿ ಇಲ್ಲಿ ಹಿತವಾದ ಬಿಸಿಲು. ಹಾಗಾಗಿ ಸಾವಿರಾರು ಮಂದಿ ನಿವೃತ್ತರು ತಮ್ಮ ಗಾಡಿಮನೆಗಳನ್ನು ಹೊಡೆದುಕೊಂಡು ಚಳಿಗಾಲಕ್ಕೆ ಇಲ್ಲಿಗೆ ಬಂದುಬಿಡುತ್ತಾರೆ. ಅವರಿಗಾಗಿ ದೊಡ್ಡ ದೊಡ್ಡ ಬಯಲುಗಳಿವೆ. ಒಂದೊಂದು ಗಾಡಿಗೆ ಒಂದೊಂದು ಅಂಕಣ. ಅಲ್ಲೇ ಕರೆಂಟಿನ ಕಂಬ, ನೀರಿನ ನಲ್ಲಿ, ಕೊಳಚೆ ಹರಿದುಹೋಗಲು ನೆಲದಲ್ಲೊಂದು ಕೊಳವೆ. ಅಂಥ ಒಂದು ಅಂಕಣದಲ್ಲಿ ನನ್ನ ಮಗನ ಮನೆ ನಿಂತಿತ್ತು.

ಮೂವತ್ತು ಅಡಿ ಉದ್ದ, ಎಂಟು ಅಡಿ ಅಗಲ. ಎಂಜಿನ್ ಇಲ್ಲದ ಟ್ರೈಲರ್. ಊರು ಬದಲಿಸುವಾಗ ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆದೊಯ್ಯುವುದು. ಊರಿನ ನನ್ನ ಮನೆಯ ಚಾವಡಿ ಇದಕ್ಕಿಂತ ದೊಡ್ಡದು. ಒಂದು ತುದಿಯಲ್ಲಿ ಮಗ-ಸೊಸೆಯ ಮಂಚ, ಇನ್ನೊಂದು ತುದಿಯಲ್ಲಿ ರೈಲಿನ ಬರ್ತಿನಂತೆ ಮೇಲೊಂದು ಕೆಳಗೊಂದು ಮಕ್ಕಳ ಹಾಸಿಗೆ. ನಡುವೆ ಒಲೆ, ಸಿಂಕ್, ಫ್ರಿಜ್, ಒಬ್ಬರು ನಿಂತರೆ ತಿರುಗಲಾಗದ ಸ್ನಾನದ ಕೋಣೆ. ಗುಂಡಿ ಒತ್ತಿದರೆ ಒಂದು ಬದಿಯ ಗೋಡೆಯೇ ಮೂರು ಅಡಿ ಹೊರಕ್ಕೆ ಸರಿದು ಸ್ವಲ್ಪ ಜಾಗವಾಗುತ್ತದೆ. ನನ್ನ ಮಲಗುವ ಕೋಣೆ ಯಾವುದು ಎಂದು ಕೇಳಿದೆ. ಮೊಮ್ಮಗಳು ನಗುತ್ತಾ ಊಟದ ಮೇಜಿನ ಕಾಲು ಮಡಚಿ ಹಲಗೆಯನ್ನು ತಗ್ಗಿಸಿ ಅದರ ಮೇಲೆ ದಿಂಬುಗಳನ್ನು ಜೋಡಿಸಿದಳು. "ಅಜ್ಜಿ, ಇದೇ. ಆದರೆ ಬೆಳಿಗ್ಗೆ ತಿಂಡಿಗೆ ಮೊದಲು ಏಳಬೇಕು!"

ಮೊದಲ ವಾರ ನಾನು ಮುಟ್ಟಿದ್ದೆಲ್ಲ ತಪ್ಪಾಯಿತು. ಮೈಕ್ರೊವೇವ್ ಮತ್ತು ಹೀಟರ್ ಒಟ್ಟಿಗೆ ಹಾಕಿದೆ, ಇಡೀ ಮನೆ ಕತ್ತಲಾಯಿತು. ಇಲ್ಲಿಗೆ ಬರುವುದು 30 ಆಂಪಿಯರ್ ಕರೆಂಟು ಮಾತ್ರ, ಎರಡು ದೊಡ್ಡ ಯಂತ್ರಗಳನ್ನು ಅದು ತಾಳದು ಎಂದು ಮಗ ತಿಳಿಹೇಳಿದ. ಸ್ನಾನಕ್ಕೆ ಬಿಸಿನೀರು ಸಿಗುವುದು ಒಂದು ಬಕೆಟ್‌ಗಿಂತ ತುಸು ಹೆಚ್ಚು. ಮನೆಯ ಹೊಟ್ಟೆಯೊಳಗೆ ಮೂರು ಟ್ಯಾಂಕುಗಳಿವೆ. ಒಂದು ಶುದ್ಧ ನೀರಿಗೆ, ಒಂದು ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ, ಮೂರನೆಯದು ಶೌಚದ್ದು. ಮೂರು ದಿನಕ್ಕೊಮ್ಮೆ ಮಗ ಕೈಗವಸು ಹಾಕಿಕೊಂಡು ದಪ್ಪ ಕೊಳವೆ ಜೋಡಿಸಿ ಮೊದಲು ಶೌಚದ ಟ್ಯಾಂಕನ್ನು, ಆಮೇಲೆ ಸ್ನಾನದ ನೀರಿನದನ್ನು ಖಾಲಿ ಮಾಡುತ್ತಿದ್ದ. ಆ ಕ್ರಮ ತಪ್ಪಬಾರದು. ಸಾಬೂನಿನ ನೀರು ಕೊನೆಗೆ ಹರಿದರೆ ಕೊಳವೆ ತೊಳೆದಂತಾಗುತ್ತದೆ. ಇಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕ ಪಡೆದ ಮಗ ಈ ಕೆಲಸ ಮಾಡುವುದನ್ನು ಕಿಟಕಿಯಿಂದ ನೋಡಿ ನಾನು ಮುಖ ತಿರುಗಿಸಿಕೊಂಡೆ.

ಇನ್ನೊಂದು ವಿಷಯವೂ ನನ್ನನ್ನು ಚುಚ್ಚುತ್ತಿತ್ತು. ಸೊಸೆ ನರ್ಸ್. ಅಲ್ಲಿ ನರ್ಸುಗಳ ಕೊರತೆ ಇರುವ ಆಸ್ಪತ್ರೆಗಳು ಸಾಮಾನ್ಯವಾಗಿ 13 ವಾರಗಳ ಕರಾರಿನ ಮೇಲೆ ಬೇರೆ ಊರಿನವರನ್ನು ಕರೆಸಿಕೊಳ್ಳುತ್ತವೆ. ಕರಾರು ಮುಗಿದರೆ ಮುಂದಿನ ಊರು. ವಸತಿಗೆಂದು ಕೊಡುವ ಭತ್ಯೆಯನ್ನು ಉಳಿಸಲು ಇಂಥ ಎಷ್ಟೋ ನರ್ಸುಗಳು ಗಾಡಿಮನೆಯಲ್ಲೇ ಇರುತ್ತಾರಂತೆ. ವಾರದಲ್ಲಿ ಮೂರು ದಿನ ಅವಳಿಗೆ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಕೆಲಸ. ಅವಳು ಟ್ರಕ್ ಓಡಿಸಿಕೊಂಡು ಹೋದರೆ, ನನ್ನ ಮಗ ಅನ್ನಕ್ಕಿಟ್ಟು ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅಲ್ಲಿ ಎಲ್ಲ ರಾಜ್ಯಗಳಲ್ಲೂ ಮಕ್ಕಳಿಗೆ ಮನೆಯಲ್ಲೇ ಕಲಿಸಲು ಕಾನೂನಿನ ಅವಕಾಶವಿದೆ. ಆದರೆ ಅವನ ಕಂಪ್ಯೂಟರ್ ಮಾತ್ರ ಸಂಜೆ ಒಂದು ಗಂಟೆಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. "ರಜೆಯಲ್ಲಿದ್ದೇನೆ ಉಮ್ಮ" ಎನ್ನುತ್ತಿದ್ದ. ಇದೆಂಥಾ ಮುಗಿಯದ ರಜೆ ಎಂದು ನನಗೆ ಅನುಮಾನ.

ಇನ್ನೂರ ನಲವತ್ತು ಚದರಡಿಯಲ್ಲಿ ಗುಟ್ಟು ಇಡಲು ಜಾಗ ಸಿಗುವುದಿಲ್ಲ. ಡಿಸೆಂಬರ್ ಕೊನೆಯ ಒಂದು ರಾತ್ರಿ ಜೋರು ಗಾಳಿ ಎದ್ದಿತು. ಮರಳು ಗೋಡೆಗೆ ಬಡಿಯುವ ಸದ್ದು ನಮ್ಮ ಆಷಾಢದ ಮಳೆಯಂತೆ. ಮನೆ ತೊಟ್ಟಿಲಿನಂತೆ ಅಲ್ಲಾಡುತ್ತಿತ್ತು. ಮೊಮ್ಮಗಳು ತನ್ನ ಹಾಸಿಗೆಯಿಂದಿಳಿದು ಬಂದು ನನ್ನ ಹೊದಿಕೆಯೊಳಗೆ ಸೇರಿಕೊಂಡಳು. "ನೀಲಿ ಬಾಗಿಲಿನ ಮನೆ ಅಲ್ಲಾಡುತ್ತಿರಲಿಲ್ಲ ಅಜ್ಜಿ" ಎಂದಳು. "ಮತ್ತೆ ಅಲ್ಲಿಗೇ ಹೋಗುತ್ತೀರಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಮಾರಿ ಆಯಿತು. ಉಪ್ಪನ ಕೆಲಸ ಹೋಯಿತಲ್ಲ. ನಿಮಗೆ ಹೇಳಬಾರದು ಎಂದಿದ್ದಾರೆ" ಎಂದು ಪಿಸುಗುಟ್ಟಿದಳು. ಒಂಬತ್ತು ವರ್ಷದ ಮಗು ಎಂಟು ತಿಂಗಳಿನಿಂದ ಹೊತ್ತಿದ್ದ ಭಾರ ಇಳಿಸಿ ಅಲ್ಲೇ ನಿದ್ದೆ ಹೋಯಿತು. ನಾನು ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಹೊರಗೆ ಮರಳು ಗುಡಿಸುತ್ತಿದ್ದ ಮಗನ ಬಳಿ ಹೋಗಿ ನಿಂತೆ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. 2023ರ ಆರಂಭದಲ್ಲಿ ಕಂಪ್ಯೂಟರ್ ಕಂಪೆನಿಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದ ಸುದ್ದಿಯನ್ನು ನಾನೂ ಪತ್ರಿಕೆಯಲ್ಲಿ ಓದಿದ್ದೆ. ಆ ಸಾವಿರಾರರಲ್ಲಿ ಒಬ್ಬ ನನ್ನ ಮಗ ಎಂದು ನನಗೆ ಗೊತ್ತಿರಲಿಲ್ಲ. ಒಬ್ಬರ ಸಂಬಳದಲ್ಲಿ ಮನೆಸಾಲದ ಕಂತು ಕಟ್ಟಲಾಗಲಿಲ್ಲ. ಬ್ಯಾಂಕು ಕೇಳುವ ಮೊದಲೇ ಮನೆ ಮಾರಿ, ಸಾಲ ತೀರಿಸಿ, ಉಳಿದ ಹಣದಲ್ಲಿ ಹಳೆಯ ಟ್ರೈಲರನ್ನೂ ಟ್ರಕ್ಕನ್ನೂ ಕೊಂಡಿದ್ದರು. ಈಗ ಯಾರ ಸಾಲವೂ ಇಲ್ಲ ಎಂದ. "ನನಗೇಕೆ ಸುಳ್ಳು ಹೇಳಿದೆ?" ಎಂದು ಕೇಳಿದೆ. ಅವನು ಪೊರಕೆ ಕೆಳಗಿಟ್ಟು, "ನಿಮ್ಮ ಮೊಬೈಲಿನಲ್ಲಿ ಆ ಫೋಟೊ ಇತ್ತಲ್ಲ ಉಮ್ಮ" ಎಂದ.

ಅವನು ಇನ್ನೇನು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಜನವರಿಯಲ್ಲಿ ಸೊಸೆಗೆ ನಾಲ್ಕು ದಿನ ಬಿಡುವು ಸಿಕ್ಕಾಗ ಮನೆಯನ್ನು ಟ್ರಕ್ಕಿಗೆ ಕಟ್ಟಿ ಉತ್ತರಕ್ಕೆ 130 ಕಿಲೋಮೀಟರ್ ದೂರದ ಕ್ವಾರ್ಟ್‌ಝೈಟ್ ಎಂಬಲ್ಲಿಗೆ ಹೋದೆವು. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಈ ಪುಟ್ಟ ಊರು ಜನವರಿಯಲ್ಲಿ ಗಾಡಿಮನೆಗಳ ಜಾತ್ರೆಯಾಗುತ್ತದೆ. ಸುತ್ತಲಿನ ಮರುಭೂಮಿ ಸರಕಾರದ ಜಮೀನು. ಅದರ ಹೆಚ್ಚಿನ ಕಡೆ ಯಾರು ಬೇಕಾದರೂ 14 ದಿನ ಬಾಡಿಗೆ ಇಲ್ಲದೆ ಬಿಡಾರ ಹೂಡಬಹುದು. ಆದರೆ ಅಲ್ಲಿ ಕಂಬವೂ ಇಲ್ಲ, ನಲ್ಲಿಯೂ ಇಲ್ಲ. 2008ರ ಆರ್ಥಿಕ ಕುಸಿತದ ನಂತರ ಮನೆ ಕಳೆದುಕೊಂಡು ವ್ಯಾನುಗಳಲ್ಲಿ ಬದುಕತೊಡಗಿದ ವೃದ್ಧರೂ ಇಲ್ಲಿಗೆ ಬರುತ್ತಾರೆ. ಆಸ್ಕರ್ ಪಡೆದ 'ನೋಮ್ಯಾಡ್‌ಲ್ಯಾಂಡ್' ಚಿತ್ರದಲ್ಲಿ ಇಂಥವರ ಕಥೆಯೇ ಇದೆ.

ಹೊರಡುವ ಮುನ್ನ ಟ್ಯಾಂಕಿನಲ್ಲಿ 150 ಲೀಟರ್ ನೀರು ತುಂಬಿಸಿದ್ದರು. ಐವರಿಗೆ ನಾಲ್ಕು ದಿನಕ್ಕೆ ಅಷ್ಟೇ. ನಾನು ಎಲ್ಲ ಕೇಳಿಸಿಕೊಂಡೆ, ಕೈ ಮಾತ್ರ ಕೇಳಲಿಲ್ಲ. ಅಕ್ಕಿಯನ್ನು ಮೂರು ಸಲ ತೊಳೆಯದೆ ನನಗೆ ಸಮಾಧಾನವಿಲ್ಲ. ನಲ್ಲಿ ಬಿಟ್ಟುಕೊಂಡೇ ಪಾತ್ರೆ ಉಜ್ಜುವುದು ಐವತ್ತು ವರ್ಷಗಳ ಅಭ್ಯಾಸ. ಎರಡನೆಯ ರಾತ್ರಿ ಮೊಮ್ಮಗನ ತಲೆಗೆ ಸಾಬೂನು ಹಚ್ಚಿದ್ದಾಗ ನಲ್ಲಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಮಗು ಕಣ್ಣುರಿ ಎಂದು ಕಿರುಚುತ್ತಿದೆ, ಮನೆಯಲ್ಲಿ ಕುಡಿಯುವ ನೀರಿನ ಎರಡು ಬಾಟಲಿಗಳಷ್ಟೇ ಇವೆ. ಸೊಸೆ ಒಂದು ಮಾತೂ ಆಡಲಿಲ್ಲ. ಟಾರ್ಚು ಹಿಡಿದು ದೂರದ ಬೆಳಕಿನತ್ತ ನಡೆದಳು.

ಸ್ವಲ್ಪ ಹೊತ್ತಿನಲ್ಲಿ ಅವಳೊಂದಿಗೆ ಬಿಳಿಕೂದಲಿನ ಒಬ್ಬ ಹೆಂಗಸು ಬಂದರು. ನನಗಿಂತ ಹಿರಿಯರು. ಒಬ್ಬರೇ ಒಂದು ವ್ಯಾನಿನಲ್ಲಿರುವವರು. ಕೈಯಲ್ಲಿ 20 ಲೀಟರಿನ ಕ್ಯಾನು. ಸೊಸೆ ಹಣ ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಆಕೆ ಹೇಳಿದ್ದನ್ನು ಸೊಸೆ ನನಗೆ ತಿಳಿಸಿದಳು: "ನಾನೂ ಮೊದಲ ವರ್ಷ ಹೀಗೇ ಖಾಲಿ ಮಾಡಿದ್ದೆ. ಆಗ ಯಾರೋ ಕೊಟ್ಟಿದ್ದರು." ಮರುದಿನ ಉಳಿದ ನೀರಿನಲ್ಲಿ ಅಳೆದು ಅಳೆದು ಹಿಟ್ಟು ಕಲಸಿ ನೀರುದೋಸೆ ಮಾಡಿ ಕೊಟ್ಟೆ. ಕಾಯಿಬೆಲ್ಲದ ಜೊತೆ ಆರು ತಿಂದರು. ಅಂದಿನಿಂದ ನಾನು ಪಾತ್ರೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ಒಂದು ಚೆಂಬು ನೀರಿನಲ್ಲಿ ತೊಳೆಯಲು ಕಲಿತೆ. ವುಝೂಗೂ ಅರ್ಧ ಚೆಂಬು ಸಾಕಾಗುತ್ತದೆ. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂದು ಮಕ್ಕಳಿಗೆ ಹೇಳುತ್ತಾ ಬಂದ ನಾನು ಅದನ್ನು ಮಾಡಿ ನೋಡಿದ್ದು ಅರುವತ್ತೆರಡನೆಯ ವಯಸ್ಸಿನಲ್ಲಿ.

ಆ ಊರಿನ ಸ್ಮಶಾನದಲ್ಲಿ ಮಗ ನನಗೊಂದು ಗೋರಿ ತೋರಿಸಿದ. ಕಲ್ಲಿನ ಪಿರಮಿಡ್ಡು, ತುದಿಯಲ್ಲಿ ಲೋಹದ ಒಂಟೆ. ಅದರಡಿ ಮಲಗಿರುವವರು ಹಾಜಿ ಅಲಿ. ಸೈನ್ಯವು ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆಗಳನ್ನು ಬಳಸುವ ಪ್ರಯೋಗಕ್ಕೆ ಅಮೆರಿಕದ ಸಂಸತ್ತು 1855ರಲ್ಲಿ 30,000 ಡಾಲರ್ ಮಂಜೂರು ಮಾಡಿತ್ತು. ಮರುವರ್ಷ ಟೆಕ್ಸಸ್ ತೀರದಲ್ಲಿ ಒಂಟೆಗಳು ಬಂದಿಳಿದವು. ಅವುಗಳನ್ನು ನಡೆಸಲು ಒಟ್ಟೊಮನ್ ಸೀಮೆಯಿಂದ ಬಂದವರಲ್ಲಿ ಇವರೊಬ್ಬರು. ಸೈನಿಕರ ನಾಲಗೆಗೆ ಹಾಜಿ ಅಲಿ ಹೊರಳದೆ 'ಹೈ ಜಾಲಿ' ಆಯಿತು. ಅಂತರ್ಯುದ್ಧ ಬಂದ ಮೇಲೆ ಪ್ರಯೋಗ ನಿಂತಿತು, ಒಂಟೆಗಳನ್ನು ಹರಾಜು ಹಾಕಿದರು. ಹಾಜಿ ಅಲಿ ಮಾತ್ರ ಇಲ್ಲಿಯೇ ಉಳಿದು 1902ರಲ್ಲಿ ತೀರಿಕೊಂಡರು. 1935ರಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಈ ಸ್ಮಾರಕ ಕಟ್ಟಿತು. ಕರೆಸಿಕೊಂಡ ಕೆಲಸ ಹೋದ ಮೇಲೂ ಬದುಕು ನಡೆಸಿದ ಆ ಮನುಷ್ಯನ ಗೋರಿಯ ಮುಂದೆ ನನ್ನ ಮಗ ಬಹಳ ಹೊತ್ತು ನಿಂತಿದ್ದ. ನಾನು ಅವನ ಪಕ್ಕದಲ್ಲಿ ನಿಂತೆ. ಇಬ್ಬರೂ ಏನೂ ಮಾತಾಡಲಿಲ್ಲ.

ಯೂಮಾಕ್ಕೆ ಮರಳಿದ ಮೇಲೆ ನನ್ನ ಬಳೆಗಳನ್ನು ತೆಗೆದು ಅವನ ಮುಂದಿಟ್ಟೆ. ಊರಿನಲ್ಲಿರುವ ಠೇವಣಿಯ ಮಾತನ್ನೂ ಎತ್ತಿದೆ. ಅವನು ಬಳೆಗಳನ್ನು ಮತ್ತೆ ನನ್ನ ಕೈಗೆ ತೊಡಿಸಿ, "ನಮಗೆ ಹಣದ ಕೊರತೆಯಿಲ್ಲ ಉಮ್ಮ. ನೀವು ಕೊಡುವುದಾದರೆ ಒಂದು ಕೊಡಿ. ಊರಿನಲ್ಲಿ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ" ಎಂದ. ಬಳೆ ಕೊಡುವುದು ನನಗೆ ಸುಲಭವಿತ್ತು. ಇದು ಕಷ್ಟ.

ರಮಝಾನ್ ಹತ್ತಿರ ಬಂದಿತ್ತು. ಸೊಸೆಯ ಕರಾರೂ ಮುಗಿದಿತ್ತು. ಅವರ ಮನೆ ನ್ಯೂ ಮೆಕ್ಸಿಕೊ ಕಡೆಗೆ ಹೊರಡಲಿತ್ತು, ನಾನು ಊರಿಗೆ. ಸೊಸೆ ನನ್ನ ಪೆಟ್ಟಿಗೆಯಲ್ಲಿ ಯೂಮಾದ ಮೆಡ್ಜೂಲ್ ಖರ್ಜೂರದ ಪೊಟ್ಟಣಗಳನ್ನು ತುಂಬಿದಳು. ರೋಗಕ್ಕೆ ತುತ್ತಾಗುತ್ತಿದ್ದ ಈ ತಳಿಯ 11 ಸಸಿಗಳನ್ನು 1927ರಲ್ಲಿ ಮೊರಾಕೊದಿಂದ ಅಮೆರಿಕಕ್ಕೆ ತಂದಿದ್ದರಂತೆ. ಉಳಿದುಕೊಂಡ ಕೆಲವೇ ಸಸಿಗಳ ಸಂತತಿ ಇಂದು ಆ ನದಿಯ ಆಚೀಚೆ ತೋಟಗಳಾಗಿ ನಿಂತಿದೆ. "ಬೇರು ಕಿತ್ತು ತಂದದ್ದೂ ಬೆಳೆಯುತ್ತದೆ ಮಾಮಿ" ಎಂದಳು ಅವಳು. ಮೂರು ತಿಂಗಳಲ್ಲಿ ಒಮ್ಮೆಯೂ ನಾನು ಅವಳಿಗೆ ದಣಿವಾಯಿತಾ ಎಂದು ಕೇಳಿರಲಿಲ್ಲ. ಅಂದು ಕೇಳಿದೆ. ಅವಳು ಉತ್ತರಿಸದೆ ನನ್ನ ಹೆಗಲಿಗೆ ತಲೆಯಿಟ್ಟಳು.

ಊರಿಗೆ ಬಂದ ವಾರದಲ್ಲೇ ಸಂಬಂಧಿಕರ ಮನೆಯಲ್ಲಿ ಒಂದು ನಿಶ್ಚಿತಾರ್ಥ. ಹೆಂಗಸರೆಲ್ಲ ಸೇರಿದ್ದರು. ಕೇಳಬೇಕಾದವರು ಕೇಳಿಯೇಬಿಟ್ಟರು: "ಮಗನ ಮನೆ ಹೇಗಿದೆ? ದೊಡ್ಡದಾ?" ನನ್ನ ಕೈ ಅಭ್ಯಾಸದಂತೆ ಮೊಬೈಲಿನತ್ತ ಹೋಯಿತು. ಹಿಂದಕ್ಕೆ ತೆಗೆದೆ. "ಮೂವತ್ತು ಅಡಿ ಉದ್ದ, ಎಂಟು ಅಡಿ ಅಗಲ, ಕೆಳಗೆ ನಾಲ್ಕು ಚಕ್ರ. ಮಗನಿಗೆ ಕೆಲಸ ಹೋಗಿದೆ. ಸೊಸೆ ದುಡಿಯುತ್ತಾಳೆ, ಅವನು ಅಡಿಗೆ ಮಾಡಿ ಮಕ್ಕಳಿಗೆ ಪಾಠ ಹೇಳುತ್ತಾನೆ. ಸಾಲವಿಲ್ಲ, ಚೆನ್ನಾಗಿದ್ದಾರೆ" ಎಂದೆ. ಚಾವಡಿಯಲ್ಲಿ ಮಾತು ನಿಂತಿತು. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನನ್ನ ಕಿವಿ ಬಿಸಿಯಾಗಿತ್ತು, ಸುಳ್ಳೇಕೆ ಹೇಳಲಿ?

ಊಟವಾದ ಮೇಲೆ ಅಡಿಗೆಮನೆಯ ಹಿಂದೆ ಕೈ ತೊಳೆಯುತ್ತಿದ್ದಾಗ ದೂರದ ನೆಂಟರೊಬ್ಬರು ಹತ್ತಿರ ಬಂದು ಸೆರಗು ಸರಿಪಡಿಸಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ, "ನನ್ನ ಮಗನೂ ಗಲ್ಫಿನಲ್ಲಿ ಎಂಟು ತಿಂಗಳಿಂದ ಕೆಲಸವಿಲ್ಲದೆ ಕೂತಿದ್ದಾನೆ. ಇಷ್ಟರವರೆಗೆ ಯಾರಿಗೂ ಹೇಳಿಲ್ಲ" ಎಂದರು. ನಲ್ಲಿಯಿಂದ ನೀರು ಸುಮ್ಮನೆ ಹರಿಯುತ್ತಿತ್ತು. ನಾನು ಅದನ್ನು ನಿಲ್ಲಿಸಿ, ಅವರ ಕೈ ಹಿಡಿದುಕೊಂಡು, "ಬನ್ನಿ, ಇಲ್ಲಿ ಕುಳಿತು ಹೇಳಿ" ಎಂದೆ.