ಹೆಜ್ಜೆ ಲೆಕ್ಕ, ಬೀಡಿ ಲೆಕ್ಕ

ಹೋದ ವರ್ಷ ನಮ್ಮ ಆಫೀಸಿನಲ್ಲಿ ನಾನೊಂದು ಬಹುಮಾನ ಗೆದ್ದೆ. ಅದೂ ನಡಿಗೆಯಲ್ಲಿ! ಕೂತಲ್ಲಿಂದ ಏಳದ ಸೋಮಾರಿ ಎಂದು ಮನೆಯಲ್ಲಿ ಹೆಸರಾದ ನನಗೆ ಆ ಬಹುಮಾನ ಬಂದದ್ದು ಹೇಗೆಂದು ಹೇಳಿಬಿಟ್ಟರೆ ಮನಸ್ಸು ಹಗುರವಾದೀತು.

ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ನಾನು ಅನುವಾದದ ಕೆಲಸ ಮಾಡುತ್ತೇನೆ. ಸಿಬ್ಬಂದಿಯ ಆರೋಗ್ಯ ಸುಧಾರಿಸಲಿ, ಕೆಲಸದಲ್ಲಿ ಉತ್ಸಾಹ ಹುಟ್ಟಲಿ ಎಂದು ಆಡಳಿತದವರು ಒಂದು ಮೊಬೈಲ್ ಆಪ್ ತಂದರು. ದಿನಕ್ಕೆ 10,000 ಹೆಜ್ಜೆ ನಡೆದರೆ ಇಷ್ಟು ಅಂಕ, ಎಂಟು ಲೋಟ ನೀರು ಕುಡಿದರೆ ಇಷ್ಟು, ಏಳು ಗಂಟೆ ನಿದ್ದೆ ಮಾಡಿದರೆ ಇಷ್ಟು. ಯಾರು ಮುಂದೆ, ಯಾರು ಹಿಂದೆ ಎಂಬ ಪಟ್ಟಿ ಕ್ಯಾಂಟೀನಿನ ಟಿವಿಯಲ್ಲಿ. ಇದಕ್ಕೆ ಗೇಮಿಫಿಕೇಶನ್ ಎನ್ನುತ್ತಾರೆ. ಆಟವಲ್ಲದ್ದಕ್ಕೆ ಆಟದ ಅಂಗಿ ತೊಡಿಸುವುದು ಎಂದಿಟ್ಟುಕೊಳ್ಳಿ.

ಅದರಿಂದ ಒಳ್ಳೆಯದೇ ಆಗಲಿಲ್ಲ ಎಂದರೆ ಸುಳ್ಳಾದೀತು. ಆರು ವರ್ಷ ಪಕ್ಕದ ಸಾಲಿನಲ್ಲಿ ಕೂತರೂ ಮಾತಾಡದಿದ್ದ ಒಬ್ಬ ಸಹೋದ್ಯೋಗಿ ಊಟದ ನಂತರ ನನ್ನ ಜೊತೆ ನಡೆಯತೊಡಗಿದರು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಆದರೆ ನಮ್ಮ ತಂಡದ ಇನ್ನೊಬ್ಬ ಹೆಣ್ಣುಮಗಳು ಒಂದು ದಿನ ಮೆಲ್ಲಗೆ ಹೇಳಿದಳು: "ನಿದ್ದೆಯ ಜಾಗದಲ್ಲಿ ಏಳು ಗಂಟೆ ಅಂತ ಬರೆದೆ ಸರ್. ಐದು ಅಂತ ನಿಜ ಬರೆದರೆ ತಂಡದ ಅಂಕ ಇಳಿಯುತ್ತೆ." ಅವಳಿಗೆ ಬಸ್ಸಿನಲ್ಲೇ ದಿನಕ್ಕೆ ನಾಲ್ಕು ಗಂಟೆ ಹೋಗುತ್ತದೆ. ಕೆಲಸದ ಟಾರ್ಗೆಟ್ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಪಟ್ಟಿಯ ತಳದಲ್ಲಿ ನನ್ನ ಹೆಸರು ಎರಡು ವಾರ ನಿಂತಿತು. ಮೂರನೆಯ ವಾರ ನಾನು ನಮ್ಮ ಮಹಡಿ ಗುಡಿಸುವ ಅಕ್ಕನ ಕೈಗೆ ಫೋನು ಕೊಟ್ಟು, "ಇದು ನಿಮ್ಮ ಜೇಬಿನಲ್ಲಿರಲಿ" ಎಂದೆ. ಆಕೆ ನಕ್ಕು, "ಆಗ್ಲೇ ಇಬ್ರದು ಐತೆ ಸಾರ್, ನಿಮ್ದೂ ಕೊಡಿ" ಎಂದರು. ಸಂಜೆ ನೋಡಿದರೆ 14,000 ದಾಟಿತ್ತು! ಐದು ದಿನ ಹೀಗೇ ನಡೆಯಿತು. ಶುಕ್ರವಾರ ಚಪ್ಪಾಳೆಯ ನಡುವೆ ನನಗೊಂದು ಸ್ಟೀಲ್ ನೀರಿನ ಬಾಟಲಿ ಕೊಟ್ಟರು. ಬಾಗಿಲ ಬಳಿ ಮಾಪು ಹಿಡಿದು ನಿಂತಿದ್ದ ಆ ಅಕ್ಕನೂ ಚಪ್ಪಾಳೆ ತಟ್ಟಿದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ 10,000 ಎಂಬ ಸಂಖ್ಯೆಯೂ ವೈದ್ಯರು ಬರೆದುಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದಕ್ಕಿಟ್ಟ ಹೆಸರು 'ಮಂಪೋಕೆ'. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಮಾರಾಟದ ಆ ಹೆಸರೇ ಲೋಕದ ನಿಯಮವಾಯಿತು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ವಯಸ್ಸಾದ ಮಹಿಳೆಯರ ಬಗ್ಗೆ ನಡೆಸಿದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆ ಕಂಡಿತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಪಟ್ಟಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಡಿಸ್ನಿಲ್ಯಾಂಡ್ ಹೋಟೆಲುಗಳ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಗಾರರ ವೇಗವನ್ನು ಹೆಸರು ಸಮೇತ ದೊಡ್ಡ ಪರದೆಯ ಮೇಲೆ ತೋರಿಸುತ್ತಿದ್ದರು. ಗುರಿ ಮುಟ್ಟಿದವರು ಹಸಿರು, ಹಿಂದೆ ಬಿದ್ದವರು ಕೆಂಪು. ಅಲ್ಲಿನ ಕೆಲಸಗಾರರು ಅದನ್ನು 'ಎಲೆಕ್ಟ್ರಾನಿಕ್ ಚಾಟಿ' ಎನ್ನುತ್ತಾರೆಂದು 2011ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬರೆದಿತ್ತು. ನಮ್ಮಲ್ಲಿ ಬಾಟಲಿ, ಅಲ್ಲಿ ಚಾಟಿ. ಪರದೆ ಒಂದೇ.

ಆದರೆ ನಾನು ಯಾರನ್ನು ದೂರಲಿ? ಈ ಆಟ ನನಗೆ ಹೊಸದಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಅಮ್ಮಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಕೈಯಲ್ಲಿ ಕತ್ತರಿ. ಕೂಲಿ ಸಾವಿರಕ್ಕೆ ಇಷ್ಟೆಂದು. ಉರ್ದು ಶಾಲೆಯಿಂದ ಬಂದ ಕೂಡಲೇ ಅಕ್ಕ ಮತ್ತು ನಾನು ಪಕ್ಕದಲ್ಲಿ ಕೂರಬೇಕು. ಬೀಡಿಯ ತಲೆ ಮಡಚುವುದು, ಇಪ್ಪತ್ತೈದಕ್ಕೆ ಒಂದು ಕಟ್ಟು ಕಟ್ಟುವುದು ನಮ್ಮ ಪಾಲು. ಎಂಟು ಕಟ್ಟು ಮುಗಿದರೆ ಒಂದು ಕಥೆ. ಬಾದಶಹ, ಜಿನ್ನು, ಮಾತಾಡುವ ಗಿಳಿ. ಕಥೆ ಮುಖ್ಯವಾದ ಕಡೆ ಬಂದಾಗ ಅಮ್ಮಿ ಸುಮ್ಮನಾಗಿ ನಮ್ಮ ಬೆರಳುಗಳ ಕಡೆ ನೋಡುತ್ತಿದ್ದರು. ಬೆರಳು ಓಡಿದರೆ ಕಥೆಯೂ ಓಡುತ್ತಿತ್ತು. ನಾನು ಕಥೆಗಾರನಾದದ್ದು ಆ ಹೊಗೆಸೊಪ್ಪಿನ ಘಾಟಿನಲ್ಲೇ. 1986ರ ಕಾಯ್ದೆ ಬೀಡಿ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದೆಂದಿತ್ತು; ಆದರೆ ಮನೆಯವರ ಜೊತೆ ಮಾಡುವ ಕೆಲಸಕ್ಕೆ ವಿನಾಯಿತಿಯನ್ನೂ ಕೊಟ್ಟಿತ್ತು.

ಬಾಟಲಿಯ ಸಂಗತಿಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮಿ ನಗಲಿಲ್ಲ. "ಆ ಹೆಂಗಸಿಗೆ ಏನು ಕೊಟ್ಟೆ?" ಎಂದು ಕೇಳಿದರು. ನಾನು ಮಾತು ಹಾರಿಸಲು ಹಳೆಯ ಕಥೆಗಳನ್ನು ನೆನಪಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೆಂದರು: "ಬೇಟಾ, ಆಟ ಅಂತ ಹೇಳಿ ನಿಮ್ಮ ಆಟವನ್ನೇ ಕಿತ್ಕೊಂಡೆ. ಬೇರೆ ದಾರಿ ಇರ್ಲಿಲ್ಲ. ನಿಮ್ಮ ಕಂಪನಿಯೋರಿಗೂ ಇಲ್ವಾ?"

ಮರುವಾರದ ಸಭೆಯಲ್ಲಿ ನಾನು ಎದ್ದು ನಿಂತು ಹೆಜ್ಜೆಗಳು ಯಾರವೆಂದು ಹೇಳಿದೆ. ಮೊದಲು ನಗು, ಆಮೇಲೆ ಮೌನ. ಗುಡಿಸುವವರನ್ನೂ ಕಾವಲಿನವರನ್ನೂ ಪಟ್ಟಿಗೆ ಸೇರಿಸಬಾರದೇಕೆ ಎಂದು ಕೇಳಿದೆ. "ಅವರು ಗುತ್ತಿಗೆಯವರು, ನಮ್ಮ ಸಿಬ್ಬಂದಿಯಲ್ಲ" ಎಂಬ ಉತ್ತರ ಬಂತು. ಮೂರು ತಿಂಗಳಿಗೆ ಆಟವೂ ತಣ್ಣಗಾಯಿತು.

ಆಟ ಬೇಡವೆನ್ನಲಾರೆ. ಒಲ್ಲೆ ಎನ್ನುವ ಹಕ್ಕಿದ್ದರೆ ಮಾತ್ರ ಅದು ಆಟ. ಆರೋಗ್ಯ ಬೇಕೆನ್ನುವವರು ಮೊದಲು ಕೆಲಸದ ಹೊರೆ ಇಳಿಸಲಿ, ನಿದ್ದೆಗೆ ಹೊತ್ತು ಬಿಡಲಿ. ಅಂಕ ಆಮೇಲೆ ಬರಲಿ.

ಸಕ್ಕರೆ ಕಾಯಿಲೆಯ ಗೆಳೆಯರೂ ನಾನೂ ಈಗಲೂ ಊಟದ ನಂತರ ನಡೆಯುತ್ತೇವೆ, ಫೋನನ್ನು ಮೇಜಿನ ಮೇಲೆ ಬಿಟ್ಟು. ಬಾಟಲಿಯನ್ನು ಅಕ್ಕನಿಗೆ ಕೊಡಲು ಹೋದೆ. "ನಮ್ ಮನೇಲಿ ಐತೆ ಸಾರ್" ಎಂದರು. ಅದು ನನ್ನ ಮೇಜಿನ ಮೇಲೆಯೇ ಇದೆ. ಅದರಲ್ಲಿ ನೀರು ಕುಡಿಯಲು ಇನ್ನೂ ಮನಸ್ಸಾಗಿಲ್ಲ.