ಲೆಕ್ಸಿಂಗ್ಟನ್ ಬೀದಿಯ ಅಂಚೆಯಣ್ಣ

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಚಾವಣಿಯಲ್ಲಿ ನಕ್ಷತ್ರಗಳ ಚಿತ್ರವಿದೆ. ಎಲ್ಲರಂತೆ ನಾನೂ ಕತ್ತೆತ್ತಿ ನೋಡಿದೆ. ಆದರೆ ನಾನು ನೋಡಬೇಕೆಂದು ಬಂದದ್ದು ಪಕ್ಕದ ಲೆಕ್ಸಿಂಗ್ಟನ್ ಅವೆನ್ಯೂವಿನ ಅಂಚೆ ಕಚೇರಿಯನ್ನು. ಹಳೆಯ ಕಲ್ಲಿನ ಗೋಡೆ, ಅದರ ನೆತ್ತಿಯ ಮೇಲೆ ಈಚಿನ ಕಾಲದ ಗೋಪುರ.

ವಿನ್ಸೆಂಟ್ ಸೊಂಬ್ರೊಟ್ಟೊ ಇಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು. 1947ರಲ್ಲಿ ಕೆಲಸಕ್ಕೆ ಸೇರಿದವರು, ಇಪ್ಪತ್ತು ವರ್ಷ ದಾಟಿದರೂ ಪೋಸ್ಟ್‌ಮ್ಯಾನ್‌ಗಳ ಸಂಘದ ಸಭೆಗಳ ಕಡೆ ಅಷ್ಟಾಗಿ ತಲೆಹಾಕಿದವರಲ್ಲ. ಆಗ ಅಂಚೆಯವರ ಸಂಬಳ ವರ್ಷಕ್ಕೆ 6,176 ಡಾಲರಿನಿಂದ ಶುರುವಾಗಿ, 8,442 ಮುಟ್ಟಲು 21 ವರ್ಷ ಹಿಡಿಯುತ್ತಿತ್ತು. ಈ ದುಬಾರಿ ಊರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದೂ ಬಡವರ ಸಹಾಯಧನಕ್ಕೆ ಅರ್ಹರಾದವರಿದ್ದರು. ಎಂಥ ಬದುಕು!

1970ರ ಮಾರ್ಚ್ 17ರ ರಾತ್ರಿ ಮ್ಯಾನ್‌ಹ್ಯಾಟನ್ ಸೆಂಟರ್ ಸಭಾಂಗಣದಲ್ಲಿ ಸಂಘದ ನ್ಯೂಯಾರ್ಕ್ ಶಾಖೆಯವರ ಮತ ಎಣಿಸಿದರು. ಮುಷ್ಕರ ಬೇಕೆಂದವರು 1,555, ಬೇಡವೆಂದವರು 1,055. ಕೇಂದ್ರ ಸರ್ಕಾರದ ನೌಕರರು ಮುಷ್ಕರ ಹೂಡಿದರೆ ಜೈಲು ಎಂಬ ಕಾನೂನು ಇತ್ತು. ಆದರೂ ನಡುರಾತ್ರಿ ಕಳೆಯುತ್ತಿದ್ದಂತೆ ನಾನೀಗ ನಿಂತಿರುವ ಈ ಬಾಗಿಲ ಮುಂದೆ ಫಲಕ ಹಿಡಿದು ನಿಂತರು! ಮುಷ್ಕರದ ಬೆಂಕಿ ಊರಿಂದೂರಿಗೆ ಹಬ್ಬಿ, ಎರಡು ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ನಿಂತುಹೋದ ಟಪಾಲಿನ ಕೆಲಸಕ್ಕೆ ಅಧ್ಯಕ್ಷ ನಿಕ್ಸನ್ ಸೈನಿಕರನ್ನು ಕಳಿಸಿದರು. ಪಾಪ, ಆ ಹುಡುಗರಿಗೆ ಟಪಾಲು ವಿಂಗಡಿಸುವುದು ಎಲ್ಲಿ ಬರಬೇಕು? ಯಾವ ಬೀದಿ ಯಾರ ಪಾಲಿನದು ಎಂಬುದು ವರ್ಷಗಟ್ಟಲೆ ಕೈಗೆ ಹತ್ತಿದ ವಿದ್ಯೆ.

ಎಂಟು ದಿನಕ್ಕೆ ಮುಷ್ಕರ ನಿಂತಿತು. ಆಗಸ್ಟಿನಲ್ಲಿ ಬಂದ ಹೊಸ ಕಾಯಿದೆಯಿಂದ ಸಂಬಳದ ಬಗ್ಗೆ ಎದುರು ಕೂತು ಮಾತಾಡುವ ಹಕ್ಕು ಸಿಕ್ಕಿತು. 21 ವರ್ಷದ ಏಣಿ ಎಂಟು ವರ್ಷಕ್ಕಿಳಿಯಿತು. ಮುಷ್ಕರಕ್ಕೆ ಮೊದಲು ಸಭೆಗಳಿಗೆ ಅಷ್ಟಾಗಿ ಹೋಗದಿದ್ದ ಸೊಂಬ್ರೊಟ್ಟೊ ಅದೇ ವರ್ಷ ನ್ಯೂಯಾರ್ಕ್ ಶಾಖೆಯ ಅಧ್ಯಕ್ಷರಾದರು. 1978ರಲ್ಲಿ ಇಡೀ ದೇಶದ ಪೋಸ್ಟ್‌ಮ್ಯಾನ್‌ಗಳ ಸಂಘಕ್ಕೇ ಅಧ್ಯಕ್ಷರಾಗಿ ಗೆದ್ದು, 2002ರವರೆಗೆ ಮುನ್ನಡೆಸಿದರು. ಅವರ ಕಾಲದಲ್ಲೇ ಸಂಘ ಇನ್ನೊಂದು ಕೆಲಸ ಹಚ್ಚಿಕೊಂಡಿತು. ಮೇ ತಿಂಗಳ ಎರಡನೆಯ ಶನಿವಾರ ಜನ ಅಂಚೆ ಡಬ್ಬಿಯ ಪಕ್ಕ ಇಟ್ಟ ದಿನಸಿಯನ್ನು ಪೋಸ್ಟ್‌ಮ್ಯಾನ್ ಹೊತ್ತೊಯ್ದು ಹಸಿದವರಿಗೆ ತಲುಪಿಸುತ್ತಾನೆ. ನನಗೆ ಮುಷ್ಕರದಷ್ಟೇ ದೊಡ್ಡದಾಗಿ ಕಂಡದ್ದು ಇದು.

ಮೂಲೆಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಹಸಿರು ಕಬ್ಬಿಣದ ಪೆಟ್ಟಿಗೆಯ ಮುಂದೆ ಬಗ್ಗಿದ್ದರು. ಸೊಂಟದ ಸರಪಳಿಯ ಕೀಲಿಯಿಂದ ಬೀಗ ತೆಗೆದು, ಕಾಗದದ ಕಟ್ಟುಗಳನ್ನು ಕೈಗಾಡಿಗೆ ತುಂಬಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಮೇಲಿನ ಕಟ್ಟನ್ನು ತಿರುವಿದರು. ನಮ್ಮೂರಿನ ಅಂಚೆಯಣ್ಣನೂ ಜಗಲಿಯಲ್ಲಿ ಕೂತು ಹೀಗೇ ತಿರುವುತ್ತಿದ್ದ. ನೋಡುತ್ತಾ ನಿಂತೇ ಇದ್ದೆ. ಗಾಡಿ ಜನಸಂದಣಿಯಲ್ಲಿ ಮರೆಯಾಯಿತು.