ಗೆನಿಚಿರೊ, ಮಾರ್ಗಿಟ್ ಮತ್ತು ಅಪ್ಪ

ಶಿವಾಜಿನಗರದಲ್ಲಿ ಜಂಗಲಿ ಮಹಾರಾಜ್ ರಸ್ತೆಯ ಗದ್ದಲ ಇಳಿದ ಮೇಲೆ ನಾನು ಆಡಿ ಮುಗಿಸಿದ ಗೇಮ್‌ಗಳು ಎರಡು: 2019ರ ಸೆಕಿರೊ, 2022ರ ಎಲ್ಡನ್ ರಿಂಗ್. ಎರಡೂ ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನವು. ಎರಡರಲ್ಲೂ ಸಾಯುವುದೇ ಕೆಲಸ. ಆದರೆ ಸೋಲಿಗೆ ಅವು ಕೊಡುವ ಮದ್ದು ಬೇರೆ ಬೇರೆ.

ಎಲ್ಡನ್ ರಿಂಗ್‌ನಲ್ಲಿ ಕೋಟೆಯ ದಾರಿಯಲ್ಲಿ ಮಾರ್ಗಿಟ್ ಬಡಿದು ಹಾಕಿದರೆ, ಕುದುರೆ ಹತ್ತಿ ಬೇರೆ ಕಡೆ ಹೋಗಬಹುದು. ಲೆವೆಲ್ ಏರಿಸಿಕೊಂಡು ಬರಬಹುದು. ಸೆಕಿರೊದ ಗೆನಿಚಿರೊ ಎದುರು ಅಂಥ ಸುತ್ತುದಾರಿ ಕಡಿಮೆ. ಕತ್ತಿಗೆ ಕತ್ತಿ ಕೊಡುವ ತಾಳ ಕಲಿಯಲೇಬೇಕು. ಹಿಂದೆ ಸರಿದರೆ ಅವನು ಸಾವರಿಸಿಕೊಳ್ಳುತ್ತಾನೆ.

ಹುಬ್ಬಳ್ಳಿ ಬಿಡುವಾಗ ಅಪ್ಪನ ಜೊತೆ ಮಾತು ಮುರಿದಿತ್ತು. ಒಂದಿಷ್ಟು ಗಟ್ಟಿಯಾಗಿ ಆಮೇಲೆ ಎದುರು ನಿಲ್ಲೋಣ ಅಂತ ಹನ್ನೊಂದು ವರ್ಷ ಸುತ್ತಾಡಿದೆ. ಎಲ್ಡನ್ ರಿಂಗ್ ನನಗೆ ಹಿಡಿಸಿದ್ದು ಅದಕ್ಕೇ ಇರಬೇಕು. ಆದರೆ ಮಾರ್ಗಿಟ್ ಎಷ್ಟು ದಿನ ಬಿಟ್ಟು ಹೋದರೂ ಅಷ್ಟೇ ಗಟ್ಟಿಯಾಗಿ ಅಲ್ಲೇ ಕಾಯುತ್ತಿರುತ್ತಾನೆ. ಅಪ್ಪ ಹಾಗಲ್ಲ. ಕಳೆದ ದೀಪಾವಳಿಗೆ ಹೋದಾಗ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. "ಬಂದ್ಯಾ? ಊಟ ಆತೇನು?" ಅಂದರು. ಏರಿಸಿಕೊಂಡು ಹೋಗಿದ್ದ ಲೆವೆಲ್ಲೆಲ್ಲ ದಂಡ.

ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಒಮ್ಮೊಮ್ಮೆ ಮಾತು ಹಳೇ ಜಗಳಕ್ಕೇ ಹೋಗಿ ನಿಲ್ಲುತ್ತದೆ. ಆದರೂ ಫೋನ್ ಇಡುವುದಿಲ್ಲ.